ಬಿಸಿಲಿಗೆ ಹಾಕಿದ ಕರವಸ್ತ್ರ

ಇವತ್ತು ಬೆಳಿಗ್ಗೆ ಮನೆಯಲ್ಲಿ ಹೊಸ ಮೆಣಸಿನಕಾಯಿ ಹುರಿದರು. ಆ ಘಾಟಿಗೆ ನಾನು ಕೆಮ್ಮಿದ ಸದ್ದು ಓಣಿಯ ಕೊನೆಯವರೆಗೂ ಮುಟ್ಟಿರಬೇಕು. ಬಾಯಿ ಒರೆಸಿಕೊಂಡು ನೋಡಿದರೆ ಕರವಸ್ತ್ರದ ಮೇಲೊಂದು ಕೆಂಪು ಕಲೆ. ಮೆಣಸಿನಕಾಯಿಯ ತೊಟ್ಟು ಮುರಿದ ನನ್ನ ಕೈಯದೇ ಇರಬೇಕು. ಆದರೂ ತೊಳೆದು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿ ಬಂದೆ. ಯಾಕೆಂದು ನೀವು ಕೇಳಿದರೆ ನಮ್ಮ ಕಾಕಾನ ಸುದ್ದಿ ಹೇಳಬೇಕಾಗುತ್ತದೆ.

ಎಂಬತ್ತರ ದಶಕದಲ್ಲಿ ಕಾಕಾ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ದಲ್ಲಾಳಿ. ಅಲ್ಲಿ ಕೆಮ್ಮೆಂಬುದು ಕಾಯಿಲೆಯಲ್ಲ, ಹಾಜರಿ. ಸೀನದೆ ನಿಂತವನನ್ನು ಜನ ಸಂಶಯದಿಂದ ನೋಡುತ್ತಿದ್ದರು. ಎಂಥ ಬಿಳಿ ಕರವಸ್ತ್ರವೂ ಸಂಜೆಗೆ ಕೆಂಪಾಗಿ ಮನೆಗೆ ಬರುತ್ತಿತ್ತು. ಅದಕ್ಕೆ ಅವನ ಹೆಂಡತಿ, ನಮ್ಮ ಕಾಕಿ, ಸೋಪನ್ನು ನಂಬಿದವಳಲ್ಲ. ಮೆಣಸಿನಕಾಯಿಯ ಬಣ್ಣ ಬಿಡಿಸುವುದು ಬಿಸಿಲಿನ ಕೆಲಸ.

ಒಂದು ವರ್ಷ ಬಿಸಿಲೂ ಸೋತಿತು.

"ಏನ್ರೀ, ಈ ಕಲಿ ಹೋಗವಲ್ದು. ಕಂದು ಆಗಾಕತ್ತೈತಿ."

"ಈ ಸಲದ ಮಾಲು ಗಟ್ಟಿ ಬಣ್ಣದ್ದು ಐತಿ. ಬಿಸಿಲಿಗೂ ಅಂಜೂದಿಲ್ಲ" ಎಂದ ಕಾಕಾ.

ನಾವೆಲ್ಲ ನಕ್ಕೆವು. ಕಾಕಿ ನಗಲಿಲ್ಲ. ಹರೆಯದಲ್ಲಿ ಅವನಿಗೆ ಕ್ಷಯವಾಗಿ, ಅವನ ತಾಟು, ಲೋಟ ಬೇರೆ ಇಟ್ಟಿದ್ದ ದಿನಗಳು ಆಕೆಗೆ ನೆನಪಿದ್ದವು. ಅವನಿಗೂ ನೆನಪಿದ್ದವು, ಅದಕ್ಕೇ ಬಾಯಿ ಬಿಟ್ಟಿರಲಿಲ್ಲ. ಆದರೆ ಕೆಲವು ದಿನಗಳಿಂದ ತನ್ನ ತಾಟನ್ನು ತಾನೇ ತೊಳೆದು ಬೇರೆ ಇಡುತ್ತಿದ್ದ.

"ನೀವು ಬರದಿದ್ರ ಈ ವಸ್ತ್ರಾನ ಡಾಕ್ಟರಿಗೆ ತೋರಸ್ತೇನಿ" ಎಂದು ಕಾಕಿ ಹೆದರಿಸಿದ ಮೇಲೆ ನಾನೂ ಸೇರಿ ಮೂವರೂ ರಾಣೆಬೆನ್ನೂರಿಗೆ ಹೋದೆವು.

ಡಾಕ್ಟರು ಕಫ ಪರೀಕ್ಷೆ ಮಾಡಿಸಿದರು, ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದರು. "ಕ್ಷಯ ಯಾವತ್ತೋ ವಾಸಿ ಆಗೇತ್ರಿ. ಯಾರಿಗೂ ಹತ್ತೂದಿಲ್ಲ. ಆದ್ರ ಹಳೇ ಗಾಯ ಹಂಗ ಉಳದೈತಿ. ಮೈಯಾಗಿನ ರಕ್ತ ಎಲ್ಲಾ ಗಾಳಿ ತಗೊಳ್ಳಾಕ ಶ್ವಾಸಕೋಶಕ್ಕ ಬರತೈತಿ, ಖರೇ. ಶ್ವಾಸನಾಳಗಳ ಹೊಟ್ಟಿ ತುಂಬಸಾಕ ಮಾತ್ರ ಬ್ಯಾರೆ ಸಣ್ಣ ಧಮನಿ ಅದಾವ. ಗಾಯದ ಸುತ್ತ ಅವು ಉಬ್ಬ್ಯಾವ. ರಕ್ತ ಅಲ್ಲಿಂದ ಬರಾಕತ್ತೈತಿ."

"ಅಂದ್ರ, ಊರ ಮಾಲೆಲ್ಲಾ ಕೈಯಾಗ ಹಾದು ಹೋದ್ರೂ ದಲ್ಲಾಳಿ ತನ್ನ ಮನಿಗೆ ಹಿಡಿ ಕಾಯಿ ಬ್ಯಾರೆ ತಂದಂಗ" ಎಂದ ಕಾಕಾ.

ಡಾಕ್ಟರು ನಕ್ಕರು, ಆಮೇಲೆ ನಗು ನಿಲ್ಲಿಸಿದರು. "ಸಣ್ಣವು ಅಂತ ತಿಳೀಬ್ಯಾಡ್ರಿ. ಮಹಾಧಮನಿಯಿಂದ ಬಂದಾವ, ಒತ್ತಡ ಬಾಳ. ಒಡದ್ರ ನಿಲ್ಲೂದಿಲ್ಲ. ಮುಂಬೈಯಾಗ ತೊಡಿಯಿಂದ ನಳಿಗಿ ಏರಿಸಿ ಅವನ್ನ ಮುಚ್ಚತಾರ. ತಡ ಮಾಡಬ್ಯಾಡ್ರಿ, ಲಗೂ ಹೋಗ್ರಿ."

"ಹಂಗಾಮ ಮುಗದ ಮ್ಯಾಲ ಹೋಗ್ತೇನ್ರಿ."

ಅಂದು ರಾತ್ರಿ ಊಟಕ್ಕೆ ಕಾಕಾ ಕಾಕಿಯ ತಾಟಿಗೇ ಕೈ ಹಾಕಿ ರೊಟ್ಟಿ ಮುರಿದ. "ಹತ್ತೂದಿಲ್ಲ" ಎಂಬ ಮಾತು ಅವನ ಕಿವಿ ತುಂಬಿಬಿಟ್ಟಿತ್ತು; "ಲಗೂ" ಎಂಬುದಕ್ಕೆ ಅಲ್ಲಿ ಜಾಗ ಉಳಿದಿರಲಿಲ್ಲ.

ಹಂಗಾಮ ಮುಗಿಯಲಿಲ್ಲ. ಒಂದು ಮುಂಜಾನೆ ಕಾಕಾ ಮೆಣಸಿನಕಾಯಿ ರಾಶಿಯ ಪಕ್ಕದಲ್ಲೇ ಕೆಮ್ಮಿದ. ಎಂದಿನ ಕೆಮ್ಮೆಂದು ಜೊತೆಗಿದ್ದವರು ಮಾತು ಮುಂದುವರಿಸಿದರು. ಕೆಂಪಿನ ಮೇಲೆ ಬಿದ್ದ ಕೆಂಪು ಯಾರಿಗೆ ಕಾಣಬೇಕು? ಅವನು ಕುಸಿದ ಮೇಲೆಯೇ ತಿರುಗಿ ನೋಡಿದ್ದು. ಆಸ್ಪತ್ರೆ ಮುಟ್ಟುವಷ್ಟು ವೇಳೆಯನ್ನೂ ಅವನು ಕೊಡಲಿಲ್ಲ.

ಇವತ್ತು ಸಂಜೆ ನನ್ನ ಕರವಸ್ತ್ರ ತರಲು ಮಾಳಿಗೆ ಹತ್ತಿದೆ. ಕಲೆ ಪೂರ್ತಿ ಹೋಗಿರಲಿಲ್ಲ, ಆದರೆ ಬಿಳಿಚಿಕೊಂಡಿತ್ತು. ಮೆಣಸಿನಕಾಯಿಯದೇ. ಸಮಾಧಾನವಾಗಬೇಕಿತ್ತು. ವಸ್ತ್ರವನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿ ಕೆಳಗಿಳಿದೆ.

ಊಟಕ್ಕೆ ಕುಳಿತಾಗ ನನ್ನ ತಾಟು ಬಿಟ್ಟು ಹೆಂಡತಿಯ ತಾಟಿನ ರೊಟ್ಟಿ ಮುರಿದೆ.

"ಯಾಕ್ರೀ, ನಿಮ್ಮ ತಾಟಿನ್ಯಾಗ ಇಲ್ಲೇನು?"

"ಐತಿ" ಎಂದೆ.