ತೊಟ್ಟಿಯ ನೀರು ತಿಳಿಯಾದ ಮೇಲೆ

ನಮ್ಮ ಅಕ್ಕನಿಗೆ ಶಾಲೆಯ ಮಕ್ಕಳು ಇಟ್ಟ ಹೆಸರು ಕಪ್ಪೆ ಟೀಚರ್. ಅದನ್ನು ಕೇಳಿದರೆ ಅಮ್ಮನಿಗೆ ಸಿಟ್ಟು, ಅಕ್ಕನಿಗೆ ಹೆಮ್ಮೆ. ಇಷ್ಟು ವರ್ಷ ಜೀವಶಾಸ್ತ್ರ ಹೇಳಿಕೊಟ್ಟರೂ ಅವಳು ಒಂದು ಕಪ್ಪೆಯನ್ನೂ ಕೊಯ್ದವಳಲ್ಲ. "ಒಳಗೇನಿದೆ ಅಂತ ಚಿತ್ರದಲ್ಲಿ ನೋಡ್ಕೊಳ್ಳಿ. ಹೇಗೆ ಬದುಕತ್ತೆ ಅನ್ನೋದನ್ನ ಇಲ್ಲಿ ನೋಡಿ" ಎಂದು ಮಕ್ಕಳನ್ನು ಪ್ರಯೋಗಾಲಯದ ಹಿಂದಿನ ಹಳೇ ಸಿಮೆಂಟ್ ತೊಟ್ಟಿಯ ಸುತ್ತ ಕೂರಿಸುತ್ತಿದ್ದಳು.

ಆ ತೊಟ್ಟಿಯನ್ನು ಅವಳು ಮಗುವಿನಂತೆ ಸಾಕಿದ್ದಳು. ಮೊದಲು ಪಾಚಿ ಕಟ್ಟಿತು. ಅದನ್ನು ತಿನ್ನಲು ಗೊದಮೊಟ್ಟೆಗಳು ಬಂದವು, ಸೊಳ್ಳೆ ಮರಿಗಳೂ ಬಂದವು. ಸೊಳ್ಳೆ ಮರಿಗಳನ್ನು ತಿನ್ನಲಿ ಎಂದು ಅಕ್ಕ ಕಿರುಬೆರಳಿನಷ್ಟು ಮೀನುಗಳನ್ನು ತಂದು ಬಿಟ್ಟಳು. ಮೀನಿನ ಆಸೆಗೆ ಬೆಳ್ಳಕ್ಕಿಯೊಂದು ದಿನಾ ಹಾಜರಿ ಹಾಕತೊಡಗಿತು. ದಡ್ಡರು ಎನಿಸಿಕೊಂಡ ಮಕ್ಕಳೂ ಈ ಆಹಾರ ಸರಪಳಿಯನ್ನು ಮರೆಯುತ್ತಿರಲಿಲ್ಲ.

ಈ ವರ್ಷ ಶಾಲೆಗೆ 'ಹಸಿರು ಶಾಲೆ' ಪ್ರಶಸ್ತಿಯ ಆಸೆ ಹತ್ತಿತು. ಪರಿಶೀಲನೆಗೆ ಅಧಿಕಾರಿಗಳು ಬರುವವರಿದ್ದರು. ಹೆಡ್‌ಮಾಸ್ಟರ್ ತೊಟ್ಟಿ ನೋಡಿ ಮೂಗು ಮುಚ್ಚಿಕೊಂಡರು. "ಥೂ, ಏನ್ರೀ ಇದು ಗಲೀಜು! ಸೊಳ್ಳೆ ಕಾರ್ಖಾನೆ!"

"ಸೊಳ್ಳೆ ಮರೀನ ಮೀನು ತಿಂದು ಮುಗಿಸತ್ತೆ ಸರ್. ದಯವಿಟ್ಟು ಇದನ್ನ ಮುಟ್ಟಬೇಡಿ. ನನ್ನ ಅರ್ಧ ಪಾಠ ಇರೋದೇ ಇದರಲ್ಲಿ" ಎಂದು ಅಕ್ಕ ಬೇಡಿಕೊಂಡಳು.

ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಆ ಮಹಾಶಯರು ರಜೆಯ ದಿನ ನೋಡಿಕೊಂಡು ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಸುರಿಸಿದರು. ಮರುದಿನ ಅಕ್ಕ ಹೋಗಿ ನೋಡಿದರೆ ನೀರು ತಿಳಿಯಾಗಿತ್ತು, ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಹಿಂದಿನ ಗೋಡೆಯ ಮೇಲೆ ಹೊಸ ಬಣ್ಣದಲ್ಲಿ ಆಹಾರ ಸರಪಳಿಯ ಚಿತ್ರ! ಅದರಲ್ಲಿ ಮೀನು ನಗುತ್ತಿತ್ತು. ಪ್ರಶಸ್ತಿಯೂ ಬಂತು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಪೌಡರಿನ ಘಾಟು ಇಳಿದ ಮೇಲೆ ಸೊಳ್ಳೆಗಳು ಆರಾಮಾಗಿ ವಾಪಸ್ ಬಂದು ಮೊಟ್ಟೆಯಿಟ್ಟವು. ಮರಿಗಳನ್ನು ತಿನ್ನಲು ಈಗ ಯಾರಿದ್ದಾರೆ? ಮಕ್ಕಳು ತರಗತಿಯಲ್ಲಿ ಕೈಕಾಲು ಕೆರೆದುಕೊಳ್ಳುತ್ತ ಕುಳಿತರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡದ್ದಾಯಿತು, ಆದರೂ ನೆಗಡಿ ಹೋಗಲಿಲ್ಲ. ಹೆಡ್‌ಮಾಸ್ಟರ್ ಮಾತ್ರ, "ಎಲ್ಲಾ ನಿಮ್ಮ ತೊಟ್ಟಿಯಿಂದ್ಲೇ" ಎಂದು ಅಕ್ಕನನ್ನೇ ಬೈದರು.

ಪರೀಕ್ಷೆಯಲ್ಲಿ ಅಕ್ಕ ಒಂದು ಪ್ರಶ್ನೆ ಕೇಳಿದ್ದಳು: ನೀವು ಕಣ್ಣಾರೆ ಕಂಡ ಆಹಾರ ಸರಪಳಿಯನ್ನು ಬರೆಯಿರಿ. ಒಬ್ಬ ಹುಡುಗಿ ಬರೆದಳು: ಪಾಚಿ, ಸೊಳ್ಳೆ ಮರಿ, ಮೀನು, ಬೆಳ್ಳಕ್ಕಿ, ಎಲ್ಲಕ್ಕಿಂತ ಮೇಲೆ ಹೆಡ್‌ಮಾಸ್ಟರ್.

ಆ ಉತ್ತರಪತ್ರಿಕೆ ಹಿಡಿದು ಹೆಡ್‌ಮಾಸ್ಟರ್ ಅಕ್ಕನನ್ನು ಕರೆಸಿದರು. "ಇದಕ್ಕೆ ಪೂರ್ತಿ ಅಂಕ ಕೊಟ್ಟಿದ್ದೀರಲ್ಲ, ಇದು ತಪ್ಪಲ್ವೇನ್ರೀ?"

ಅಕ್ಕ ಕನ್ನಡಕ ಏರಿಸಿ ಇನ್ನೊಮ್ಮೆ ಓದಿದಳು.

"ಹೌದು ಸರ್, ತಪ್ಪೇ. ನಾನು ಗಮನಿಸಿರ್ಲಿಲ್ಲ. ಈ ಸರಪಳೀಲಿ ಜಾಗ ಬೇಕು ಅಂದ್ರೆ ಕೊಂದಿದ್ದನ್ನ ತಿನ್ನಬೇಕು. ನೀವು ತಿನ್ನಲಿಲ್ಲವಲ್ಲ."

ಕೆಂಪು ಪೆನ್ನಿನಿಂದ ಕೊನೆಯ ಹೆಸರನ್ನು ಹೊಡೆದುಹಾಕಿ, ಅರ್ಧ ಅಂಕ ಕಳೆದು, ಪತ್ರಿಕೆಯನ್ನು ಅವರ ಮೇಜಿನ ಮೇಲಿಟ್ಟು ಪಾಠಕ್ಕೆ ಹೋದಳು.