ಐವತ್ತು ಕಾಯಿಯ ಮದುಮಗಳು

ನಮ್ಮ ಯಜಮಾನರ ಹೆಸರು ಭೀಮರಾಜು. ತೂಕ ಐವತ್ತೊಂದು ಕೆಜಿ, ಅದೂ ಮುದ್ದೆ ಉಂಡ ಮೇಲೆ. ಹೆಸರಿಟ್ಟ ನಮ್ಮ ಮಾವನವರು ಇವತ್ತು ಇದ್ದಿದ್ದರೆ ನಾನು ಒಂದು ಮಾತು ಕೇಳದೆ ಬಿಡುತ್ತಿರಲಿಲ್ಲ. ಮದುವೆಯಾಗಿ ಇಪ್ಪತ್ಮೂರು ವರ್ಷವಾಯಿತು. ಅಷ್ಟರಲ್ಲಿ ನಾನು ಬೇಕಾದಷ್ಟು ದಪ್ಪವಾದೆ, ಅವರು ಇದ್ದ ಹಾಗೇ ಇದ್ದಾರೆ. ಮಾತಿನಲ್ಲಿ ಮಾತ್ರ ಹೆಸರಿಗೆ ಮೋಸವಿಲ್ಲ.

ಕಾಯಿ ಸುಲಿಯುವುದು ಅವರ ಕಸುಬು. ನಮ್ಮ ಶೆಟ್ಟಿಕೆರೆ ಸುತ್ತಿನ ತೋಟದವರೆಲ್ಲ ಅಟ್ಟದ ಕಾಯಿ ಇಳಿಸುವ ಮೊದಲು ಇವರನ್ನೇ ಕರೆಯುವುದು. ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಕೂತ ಕಾಯಿಯೊಳಗೆ ನೀರು ಇಂಗಿ ಕೊಬ್ಬರಿಯಾಗಬೇಕು. ಆಗಿದೆಯೋ ಇಲ್ಲವೋ ಎನ್ನುವುದನ್ನು ಇವರು ಕಿವಿಯಲ್ಲೇ ಹೇಳುತ್ತಾರೆ. ಕಾಯಿಯನ್ನು ಕಿವಿಗೆ ಹಿಡಿದು ಒಂದು ಸಲ ಅಲ್ಲಾಡಿಸಿ, ಇನ್ನು ಹದಿನೈದು ದಿನ ಬಿಡಿ ಅಂದರೆ ಹದಿನೈದೇ ದಿನ. ಆ ಕಿವಿಗೆ ಹೆಂಡತಿ ಕರೆಯುವುದು ಮಾತ್ರ ಕೇಳಿಸುವುದಿಲ್ಲ, ಆ ವಿಷಯ ಈಗ ಬೇಡ.

ಮಂಗಳಾ ಇವರ ಅಕ್ಕ ಭೂತಮ್ಮನ ಮಗಳು. ಅವಳಿಗೆ ನಾಲ್ಕು ವರ್ಷವಾಗಿದ್ದಾಗ ಅಪ್ಪ ದುರ್ಗಯ್ಯ ತೀರಿಕೊಂಡರು. ಆಮೇಲೆ ಮೂರನೇ ಕ್ಲಾಸಿನವರೆಗೆ ಅವಳು ಶಾಲೆಗೆ ನಡೆದುಕೊಂಡು ಹೋಗಿದ್ದೇ ಇಲ್ಲ, ಮಾವನ ಹೆಗಲ ಮೇಲೆ ಹೋದಳು. ನಮಗೆ ಇಬ್ಬರೂ ಗಂಡು ಮಕ್ಕಳು. ಹೆಣ್ಣುಮಗುವಿನ ಆಸೆಯನ್ನೆಲ್ಲ ಇವರು ಅವಳ ಮೇಲೇ ತೀರಿಸಿಕೊಂಡರು. ನಮ್ಮ ಕಡೆ ಹೆಣ್ಣನ್ನು ಕೋಣೆಯಿಂದ ಹಸೆಮಣೆಗೆ ಸೋದರಮಾವ ಎತ್ತಿಕೊಂಡು ಬರಬೇಕು, ನಡುವೆ ಅವಳ ಕಾಲು ನೆಲಕ್ಕೆ ತಾಗಬಾರದು. ನಿನ್ನ ಮದುವೆ ದಿನವೂ ನಾನೇ ಎತ್ತಿಕೊಂಡು ಹೋಗುತ್ತೇನೆ ಎಂದು ಹೆಗಲ ಮೇಲಿದ್ದ ಮಗುವಿಗೆ ಇವರು ಮಾತು ಕೊಟ್ಟಿದ್ದರು. ಆಗ ಅವಳು ಹದಿನಾಲ್ಕು ಕೆಜಿ ಇದ್ದಳು.

ಈಗ ಮಂಗಳಾ ತಿಪಟೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಉಂಡು ತಿಂದು ಚೆನ್ನಾಗಿದ್ದಾಳೆ. ಹೋದ ಕಾರ್ತಿಕದಲ್ಲಿ ದಬ್ಬೇಘಟ್ಟದ ಜ್ಞಾನೇಶ್ ಎನ್ನುವ ಹುಡುಗನ ಜೊತೆ ನಿಶ್ಚಯವಾಯಿತು. ಮದುವೆ ವೈಶಾಖಕ್ಕೆ. ನಿಶ್ಚಿತಾರ್ಥದ ಎಲೆ ಎತ್ತುವ ಮೊದಲೇ ಭೂತಮ್ಮ ತಮ್ಮನನ್ನು ಪಕ್ಕಕ್ಕೆ ಕರೆದರು. ಇವರಿಗೊಬ್ಬ ತಮ್ಮನಿದ್ದಾನೆ, ಬಾಲರಾಜು. ತಿಪಟೂರಿನ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಾನೆ, ಎರಡು ಬಾಗಿಲಿನಷ್ಟು ಅಗಲ ಇದ್ದಾನೆ.

"ಬಾಲರಾಜು ಎತ್ಕಳ್ಳಿ ಬುಡಪ್ಪ," ಅಂದರು ಭೂತಮ್ಮ. "ಅವ್ನೂ ಸೋದರಮಾವನೇ ಅಲ್ವಾ? ನಿನ್ ಸೊಂಟ ಹಿಡ್ಕಂಡ್ರೆ ನಾನು ಮದ್ವೆ ನೋಡನಾ, ಆಸ್ಪತ್ರೆ ನೋಡನಾ?"

"ಅವಳನ್ನ ಎತ್ತಿ ಬೆಳೆಸಿರೋ ಕೈ ಇದು ಕಣಕ್ಕ," ಅಂದರು ಇವರು. "ಹಸೆಮಣೆಗೂ ಈ ಕೈಯೇ."

ಮಾತು ಆಡಿದ್ದಾಯಿತು. ಮಾರನೆಯ ದಿನದಿಂದಲೇ ಸಿದ್ಧತೆ ಶುರು. ಮೊದಲು ಮಂಗಳಾಳ ತೂಕ ಗೊತ್ತಾಗಬೇಕಲ್ಲ. ಫೋನಿನಲ್ಲಿ ಕೇಳಿದರೆ ಐವತ್ತೈದು ಅಂದಳು. ಇವರು ನಂಬಲಿಲ್ಲ. ಸೀರೆ ನೋಡಿಕೊಂಡು ಬರೋಣ ಎಂದು ಅವಳನ್ನು ಹೊರಡಿಸಿ, ನೇರ ಕಂದಿಕೆರೆಯ ಕೊಬ್ಬರಿ ವ್ಯಾಪಾರಿ ಮಾಯಣ್ಣನ ಮಂಡಿಗೆ ಕರೆದುಕೊಂಡು ಹೋಗಿ ತಕ್ಕಡಿ ಮೇಲೆ ನಿಲ್ಲಿಸಿದರು. ಅರವತ್ತೆರಡು. ಮಾಯಣ್ಣ ಆಗತಾನೇ ಮರದಿಂದ ಇಳಿಸಿ ತಂದಿದ್ದ ಸಿಪ್ಪೆಕಾಯಿಯನ್ನು ಒಂದೊಂದೇ ತಕ್ಕಡಿಗೆ ಹಾಕಿಸಿದ. ಸರಿಯಾಗಿ ಐವತ್ತು ಕಾಯಿಗೆ ಅರವತ್ತೆರಡು ಕೆಜಿ ಆಯಿತು. ಆ ಐವತ್ತನ್ನೂ ಚೀಲಕ್ಕೆ ತುಂಬಿಸಿ, ಬಾಯಿ ಹೊಲಿಸಿ, ಆಟೋದಲ್ಲಿ ಹಾಕಿಕೊಂಡು ಬಂದರು. ಸೀರೆ ಮಾತ್ರ ತರಲಿಲ್ಲ.

ಮಂಡಿಯಲ್ಲಿ ಹತ್ತು ಜನ ಇದ್ದರಂತೆ. ಸಂಜೆಯೊಳಗೆ ಮಂಗಳಾ ಐವತ್ತು ಕಾಯಿ ಎನ್ನುವುದು ಇಡೀ ಹೋಬಳಿಗೆ ಗೊತ್ತಾಯಿತು. ವಾರದೊಳಗೆ ದಬ್ಬೇಘಟ್ಟಕ್ಕೂ ಮುಟ್ಟಿತು. ಜ್ಞಾನೇಶ್ ಅವಳಿಗೆ ಫೋನು ಮಾಡಿ, ನಾನು ಅರವತ್ತು ಕಾಯಿ ಇದೀನಿ, ಜೋಡಿ ಸರಿಯಾಗಿದೆ ಅಂದನಂತೆ. ಅವಳು ಮಾವನ ಜೊತೆ ಎಂಟು ದಿನ ಮಾತು ಬಿಟ್ಟಳು. ನಾನು ಅವಳ ಪಕ್ಷ. ಹೆಣ್ಣುಮಕ್ಕಳ ತೂಕವನ್ನು ಕಾಯಿಯಲ್ಲಿ ಲೆಕ್ಕ ಹಾಕುವ ಗಂಡಸಿಗೆ ಏನು ಹೇಳುವುದು?

ಚೀಲವನ್ನು ಹಿತ್ತಿಲಲ್ಲಿ ತಗಡಿನ ಶೀಟಿನ ಕೆಳಗೆ ಇಟ್ಟರು. ದಿನಾ ಬೆಳಿಗ್ಗೆ ಕಾಫಿ ಕುಡಿದು, ಲುಂಗಿ ಬಿಗಿದು, ಅದನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ನೆಟ್ಟಗೆ ಎದೆಗವಚಿ ಎತ್ತಬೇಕು. ಮೊದಲ ದಿನ ಚೀಲ ಅಲ್ಲಾಡಲಿಲ್ಲ, ಇವರು ಅಲ್ಲಾಡಿದರು. ಪೌಷ್ಟಿಕ ಆಹಾರ ಬೇಕು ಅಂದರು. ದಿನಕ್ಕೆ ಎರಡು ಮೊಟ್ಟೆ, ಹುರುಳಿ ಸಾರು, ರಾತ್ರಿ ಕೊಬ್ಬರಿ ಬೆಲ್ಲ. ಮನೆಯಲ್ಲಿ ನನ್ನ ಗಂಡುಮಕ್ಕಳಿಗೆ ಇಲ್ಲದ ಮೊಟ್ಟೆ ಇವರಿಗೆ ಬೆಂದಿತು.

ರೇಷ್ಮೆ ಸೀರೆ ಜಾರುತ್ತದೆ, ಅದೂ ಅಭ್ಯಾಸವಾಗಬೇಕು ಎಂದು ನನ್ನ ಹಳೆಯ ಸೀರೆಯೊಂದನ್ನು ಚೀಲಕ್ಕೆ ಸುತ್ತಿದರು. ಆಮೇಲೆ ಅದನ್ನು ಚೀಲ ಎನ್ನುವುದನ್ನೇ ಬಿಟ್ಟರು. ಮಂಗಳಾನ ಒಳಕ್ಕಿಡು, ಇಬ್ಬನಿ ಬೀಳುತ್ತೆ. ಮಂಗಳಾನ ಮೇಲೆ ಕೋಳಿ ಕೂತಿದೆ, ಓಡಿಸು. ಪಕ್ಕದ ಮನೆಯ ಹುಚ್ಚಕ್ಕಜ್ಜಿಗೆ ಕಣ್ಣು ಮಂಜು. ಒಂದು ಸಂಜೆ ಬಂದವಳು, ಅದ್ಯಾರವ್ವ ಹಿತ್ಲಲ್ಲಿ ಒಬ್ಳೇ ಕುಂತವ್ಳೆ, ಕಾಫಿ ಕೊಟ್ರಾ ಎಂದು ಕೇಳಿದಳು. ನಾನು ಕುಡಿದಾಯ್ತು ಬಿಡಜ್ಜಿ ಅಂದೆ. ನನಗೂ ತಲೆ ಕೆಟ್ಟಿತ್ತು.

ಆದರೆ ಒಂದು ಮಾತು ಒಪ್ಪಬೇಕು. ಸಂಕ್ರಾಂತಿ ಹೊತ್ತಿಗೆ ಎರಡು ಹೆಜ್ಜೆ ಹಾಕಿದರು. ಶಿವರಾತ್ರಿಗೆ ಹತ್ತು. ಯುಗಾದಿಗೆ ಮನೆ ಸುತ್ತ ಒಂದು ಸುತ್ತು. ಚೈತ್ರ ಮುಗಿಯುವಷ್ಟರಲ್ಲಿ ಒಂದೇ ಕೈಯಲ್ಲಿ ಎತ್ತಿಕೊಂಡು ಇನ್ನೊಂದು ಕೈಯಲ್ಲಿ ಫೋನು ಹಿಡಿದು ಮಾತಾಡುತ್ತಿದ್ದರು. ಬೇಲಿಯಾಚೆ ನಿಂತು ನೋಡುವವರು ಹೆಚ್ಚಾದರು. ನಗುತ್ತಿದ್ದ ಊರು ಶಹಬ್ಬಾಸ್ ಅನ್ನತೊಡಗಿತು. ನನಗೂ ಒಳಗೊಳಗೇ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ತೂಕ ಮಾತ್ರ ಐವತ್ತೊಂದೂವರೆ ಇತ್ತು. ಶಕ್ತಿ ಒಳಗೆ ಸೇರಿದೆ ಅಂದರು.

ಮದುವೆಗೆ ಇನ್ನು ನಾಲ್ಕು ದಿನ. ಬಂದ ನೆಂಟರಿಗೆ ಹಾಸಲು ಹಿತ್ತಿಲು ಗುಡಿಸುತ್ತಿದ್ದೆ. ಚೀಲ ಅಡ್ಡ ಸಿಕ್ಕಿತು. ಬಾಗಿ ಎತ್ತಿ ಪಕ್ಕಕ್ಕಿಟ್ಟೆ. ಇಟ್ಟ ಮೇಲೆ ಪೊರಕೆ ಹಿಡಿದುಕೊಂಡು ಹಾಗೇ ನಿಂತೆ. ನಾನು ಎತ್ತಿದ್ದೆ. ಮೊಟ್ಟೆ ತಿನ್ನದೆ, ಹುರುಳಿ ಸಾರು ಕುಡಿಯದೆ, ಮಂಡಿನೋವಿಟ್ಟುಕೊಂಡು ನಾನು ಎತ್ತಿದ್ದೆ.

ಹೊಲಿಗೆ ಬಿಚ್ಚಿ ಒಂದು ಕಾಯಿ ತೆಗೆದು ಅಲ್ಲಾಡಿಸಿದೆ. ತಳದಲ್ಲಿ ಒಂದು ಗುಟುಕು ನೀರು ಕುಲುಕಿತು. ಆರು ತಿಂಗಳು ಕಾದ ತಗಡಿನ ಕೆಳಗೆ ಇಟ್ಟರೆ ಕಾಯಿ ಇನ್ನೇನಾಗುತ್ತದೆ? ನೀರು ಇಂಗಿತ್ತು, ಸಿಪ್ಪೆ ಒಣಗಿತ್ತು. ಮನೆಯ ಕೊಕ್ಕೆ ತಕ್ಕಡಿಗೆ ನೇತುಹಾಕಿದರೆ ನಲವತ್ತೊಂದು ಕೆಜಿ. ಇವರಿಗೆ ಶಕ್ತಿ ಬಂದಿರಲಿಲ್ಲ, ಚೀಲಕ್ಕೆ ಸೊರಗು ಬಂದಿತ್ತು. ಊರಿಗೆಲ್ಲ ಕಾಯಿ ಒಣಗುವ ದಿನ ಹೇಳುವ ಮನುಷ್ಯ ತಾನು ದಿನಾ ಅಪ್ಪಿಕೊಳ್ಳುವ ಕಾಯಿ ಒಣಗಿದ್ದನ್ನು ಕಾಣಲಿಲ್ಲ.

ಅತ್ತ ಮಂಗಳಾ ಸೊರಗುತ್ತಿರಲಿಲ್ಲ. ಮದುವೆ ಹೆಣ್ಣೆಂದು ಎಲ್ಲ ನೆಂಟರೂ ಕರೆದು ಹೋಳಿಗೆ ತುಪ್ಪ ಬಡಿಸಿದ್ದರು. ಅವಳ ರವಿಕೆಯ ಹೊಲಿಗೆ ಬಿಚ್ಚಿಸಲು ಎರಡು ಸಲ ಟೈಲರ್ ಹತ್ತಿರ ಓಡಿದವಳು ನಾನೇ. ಅರವತ್ತೈದಕ್ಕೆ ಕಡಿಮೆ ಇರಲಿಲ್ಲ. ಮೇಲೆ ರೇಷ್ಮೆ ಸೀರೆ, ಒಡವೆ, ಹೂವಿನ ಜಡೆ.

ಹೇಳಿಬಿಡಲೇ ಎಂದು ಒಳಗೆ ಹೋದೆ. ಇವರು ಕನ್ನಡಿ ಮುಂದೆ ಹೊಸ ಪಂಚೆ ಉಟ್ಟು, ಇಲ್ಲದ ಮಂಗಳಾಳನ್ನು ಎತ್ತಿಕೊಂಡು, ಮೆಲ್ಲಗೆ ಹೆಜ್ಜೆ ಹಾಕುತ್ತಿದ್ದರು. ಹೇಳಿದರೆ ಇವರ ಎದೆ ಒಡೆಯುತ್ತದೆ, ಹೇಳದಿದ್ದರೆ ಎಂಟುನೂರು ಜನರ ಮುಂದೆ ಸೊಂಟ ಒಡೆಯುತ್ತದೆ. ಹೊಲಿಗೆ ಮತ್ತೆ ಹಾಕಿ ಬಾಲರಾಜುಗೆ ಫೋನು ಮಾಡಿದೆ. ಅಣ್ಣನ ಬೆನ್ನ ಹಿಂದೇ ನಿಂತಿರು, ಕೈ ಖಾಲಿ ಇಟ್ಟುಕೊಂಡಿರು ಎಂದಷ್ಟೇ ಹೇಳಿದೆ. ಆ ನಾಲ್ಕು ದಿನ ನಾನು ಸರಿಯಾಗಿ ಉಣ್ಣಲಿಲ್ಲ.

ಮುಹೂರ್ತದ ದಿನ ಮಂಗಳಾ ಸೀರೆಯನ್ನು ನೆಲ ಗುಡಿಸುವ ಹಾಗೆ ಉಟ್ಟಿದ್ದಳು. ಸ್ವಲ್ಪ ಎತ್ತಿ ಉಡೇ, ಎಡವುತ್ತೀಯ ಎಂದು ಬೈದೆ. ಇರಲಿ ಅತ್ತೆ ಅಂದಳು. ವಾಲಗ ಜೋರಾಯಿತು. ಕೋಣೆಯ ಬಾಗಿಲಿಂದ ಹಸೆಮಣೆಗೆ ಹದಿನೆಂಟು ಹೆಜ್ಜೆ, ನಾನು ಹಿಂದಿನ ದಿನವೇ ಎಣಿಸಿದ್ದೆ. ಇವರು ಬಾಗಿ ಅವಳನ್ನು ಎದೆಗವಚಿ ಎತ್ತಿದರು. ಕತ್ತಿನ ನರ ಹಗ್ಗದ ಹಾಗೆ ಉಬ್ಬಿತು. ಒಂದು ಹೆಜ್ಜೆ. ಎರಡು. ಬಾಲರಾಜು ಕೈ ಮುಂದೆ ಚಾಚಿದ. ಮೂರು. ನಾನು ಮನೆದೇವರಿಗೆ ಮುಡಿ ಕೊಡುತ್ತೇನೆಂದು ಹರಸಿಕೊಂಡೆ, ಯಾರ ಮುಡಿ ಎಂದು ಹೇಳಲಿಲ್ಲ.

ನಾಲ್ಕನೇ ಹೆಜ್ಜೆಗೆ ಇವರ ಮುಖ ತಿಳಿಯಾಯಿತು. ಐದಕ್ಕೆ ನಗು ಬಂತು. ಆಮೇಲೆ ತೇರು ಹೋದ ಹಾಗೆ ಹೋದರು. ಹಸೆಮಣೆ ಮೇಲೆ ಅವಳನ್ನು ನಿಲ್ಲಿಸಿ, ಬೆವರು ಒರೆಸಿಕೊಂಡು, ಜನರ ಕಡೆ ತಿರುಗಿ ನಿಂತರು. ಮಾಯಣ್ಣ ಚಪ್ಪಾಳೆ ಹೊಡೆದ. ಭೂತಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತರು. ನಾನೂ ಅತ್ತೆ. ದೇವರಿದ್ದಾನೆ ಅನ್ನಿಸಿತು.

ಮದುವೆ ಮುಗಿಸಿ ಮನೆಗೆ ಬಂದ ಮೇಲೆ, ಹಿತ್ತಿಲಲ್ಲಿ ಇವರನ್ನು ಕೂರಿಸಿ ಚೀಲದ ನಿಜ ಹೇಳಿದೆ. ಗೆದ್ದ ಮೇಲೆ ಹೇಳಿದರೆ ನೋವಾಗದು ಎಂದುಕೊಂಡಿದ್ದೆ. ಇವರು ಒಂದು ಕಾಯಿ ತೆಗೆದು ಕಿವಿಗೆ ಹಿಡಿದು ಅಲ್ಲಾಡಿಸಿದರು.

"ನಂಗೆ ಯುಗಾದಿಗೇ ಗೊತ್ತಾಯ್ತು ಕಣೇ," ಅಂದರು. "ಮಾಯಣ್ಣನ ತೋಟದಲ್ಲಿ ಆಗತಾನೇ ಇಳಿಸಿದ್ದ ಐವತ್ತು ಕಾಯಿ ಎತ್ತಿ ನೋಡ್ದೆ. ನಾಲ್ಕನೇ ಹೆಜ್ಜೇಲಿ ಕೆಡವ್ಬುಟ್ಟೆ."

ಹಾಗೆ ಕೆಡವಿದ ಮಾರನೆಯ ದಿನವೇ ತಿಪಟೂರಿಗೆ ಹೋಗಿ ಮಂಗಳಾಳ ಮುಂದೆ ಒಪ್ಪಿಕೊಂಡರಂತೆ, ಬಾಲರಾಜುವೇ ಎತ್ತಲಿ ಅಂದರಂತೆ. ಅವಳು ಸುತರಾಂ ಒಪ್ಪಲಿಲ್ಲವಂತೆ. ನೀನು ಸುಮ್ಮನೆ ಹಿಡಿದುಕೋ ಮಾವ, ಉದ್ದಕ್ಕೆ ಸೀರೆ ಉಟ್ಟು ಒಳಗೊಳಗೇ ನಾನು ನಡೆಯುತ್ತೇನೆ ಅಂದಳಂತೆ. ಇಬ್ಬರೂ ಸೇರಿ ಕಟ್ಟಿದ ನಾಟಕಕ್ಕೆ ನಾನು ಉಪವಾಸ ಬಿದ್ದು ಮುಡಿ ಹರಸಿಕೊಂಡಿದ್ದೆ.

"ಮತ್ತೆ ಯುಗಾದಿಯಿಂದ ಮದ್ವೆಗಂಟ ದಿನಾ ಎರಡೆರಡು ಮೊಟ್ಟೆ ಯಾಕ್ ತಿಂದ್ರಿ?" ಎಂದು ಕೇಳಿದೆ.

"ರುಚಿಯಾಗಿದ್ವು," ಅಂದರು.

ಅವತ್ತಿಂದ ಮೊಟ್ಟೆ ನಿಲ್ಲಿಸಿದೆ. ಎರಡು ದಿನ ಮಾತೂ ನಿಲ್ಲಿಸಿದೆ.

ಹೋದ ಭಾನುವಾರ ಮಂಗಳಾ, ಜ್ಞಾನೇಶ್ ಇಬ್ಬರೂ ಊಟಕ್ಕೆ ಬಂದಿದ್ದರು. ಅಡುಗೆಮನೆಯಲ್ಲಿ ಅವಳನ್ನು ಹಿಡಿದು ಚೆನ್ನಾಗಿ ಬೈದೆ. ಕಾಲು ನೆಲಕ್ಕೆ ತಾಗಬಾರದು ಅಂದರೆ ಹದಿನೆಂಟು ಹೆಜ್ಜೆಯೂ ನಡೆದೇ ಬಂದೆಯಲ್ಲೇ ಅಂದೆ. ಅವಳು ನಗಲಿಲ್ಲ. ಕೊತ್ತಂಬರಿ ಬಿಡಿಸುವುದನ್ನು ನಿಲ್ಲಿಸಿದಳು.

"ಹದಿನೈದು ಅತ್ತೆ," ಅಂದಳು. "ಮೊದಲನೇ ಹೆಜ್ಜೆಯಿಂದ್ಲೇ ನಾನು ನಡೀಬೇಕು ಅಂತ ಮಾತಾಗಿತ್ತು. ಕಾಲು ಊರಕ್ಕೆ ಹೋದ್ರೆ ಮಾವ ಬುಡ್ಲೇ ಇಲ್ಲ. ಮೂರು ಹೆಜ್ಜೆ ನಿಜವಾಗ್ಲೂ ಎತ್ಕೊಂಡೇ ಹೋದ."

ಕಿಟಕಿಯಿಂದ ಹಿತ್ತಿಲಿಗೆ ನೋಡಿದೆ. ಇವರು ಜ್ಞಾನೇಶನ ಕಿವಿಗೆ ಕಾಯಿ ಹಿಡಿದು ಅಲ್ಲಾಡಿಸಿ ಏನೋ ಕಲಿಸುತ್ತಿದ್ದರು. ಇನ್ನೊಂದು ಕೈ ಸೊಂಟದ ಮೇಲಿತ್ತು. ಮಂಗಳಾಳ ಮದುವೆಯ ದಿನದಿಂದ ಆ ಕೈ ಅಲ್ಲೇ ಇರುವುದನ್ನು ನಾನು ಗಮನಿಸಿರಲಿಲ್ಲ.

ಒಲೆಯ ಮೇಲೆ ನೀರಿಟ್ಟು ಎರಡು ಮೊಟ್ಟೆ ಹಾಕಿದೆ.