ಹೊಗಳಿಕೆಯ ಹಾಳೆ ತಪ್ಪಿದ ಅನುವಾದಕ

ಥೇಮ್ಸ್ ದಂಡೆಯ ದೋಣಿಯವರು ಕೂಗಾಟ ಶುರು ಮಾಡುವ ಹೊತ್ತಿಗೆ ಬಾರ್ನಬಿ ಹ್ಯಾಲೆಟ್ ಕಿಟಕಿ ಪಕ್ಕ ಕೂತು ಬರೆಯಲು ಹೆಬ್ಬಾತಿನ ಗರಿ ಹೆರೆಯುತ್ತಿರುತ್ತಾರೆ. ಇಟಲಿಯ ನಾವಿಕನೊಬ್ಬನ ದೊಡ್ಡ ಕಥೆಯನ್ನು ಹನ್ನೊಂದು ವರ್ಷದಿಂದ ಇಂಗ್ಲಿಷ್ ಪದ್ಯಕ್ಕೆ ತರುತ್ತಿದ್ದಾರೆ. ಸೇಂಟ್ ಪಾಲ್ಸ್ ಚರ್ಚಿನ ಅಂಗಳದ ಪುಸ್ತಕದಂಗಡಿಗಳಲ್ಲಿ ಕೇಳಿ ನೋಡಿ, ಇಟಲಿಯ ಕವಿಯ ಹೆಸರು ಎಲ್ಲರ ಬಾಯಲ್ಲೂ ಇದೆ. ಹ್ಯಾಲೆಟ್ ಅಂದರೆ ಯಾರು ಎನ್ನುತ್ತಾರೆ. ನನಗೆ ಸಿಟ್ಟು ಬರುವುದು ಅದಕ್ಕೇ.

ಅವರ ಗ್ರಂಥಾಲಯವೆಂದರೆ ಒಂದು ಮರದ ಪೆಟ್ಟಿಗೆ, ಹಾಸಿಗೆಯ ಮೇಲೊಂದು ಹಲಗೆ. ಎಲ್ಲರ ಮನೆಯಂತೆ ಪುಸ್ತಕಗಳ ಬೆನ್ನು ಗೋಡೆಗೆ. ಹೊರಗೆ ಕಾಣುವ ಹಾಳೆಯಂಚಿನ ಮೇಲೆ ಹೆಸರು. ಲ್ಯಾಟಿನ್ ನಿಘಂಟಿನ ಮೂಲೆಯನ್ನು ಇಲಿ ತಿಂದಿದೆ.

“ಅದು ನಮ್ಮಪ್ಪಂದು,” ಎನ್ನುತ್ತಾರೆ ಹೆಂಡತಿ ಸಿಸಿಲಿ. “ಮದುವೇಲಿ ಬೇರೇನೂ ಬೇಡ, ಆ ಪುಸ್ತಕ ಸಾಕು ಅಂದ್ರು ಈ ಮಹಾನುಭಾವರು. ಅದರ ಜೊತೆ ನಾನೂ ಬಂದಿದೀನಿ ಅಂತ ಆಮೇಲೆ ಗೊತ್ತಾಗಿರ್ಬೇಕು!”

ಆದರೆ ಇಟಾಲಿಯನ್ ಮೂಲ ಆ ಪೆಟ್ಟಿಗೆಯಲ್ಲಿಲ್ಲ. ಅದಿರುವುದು ಒಬ್ಬ ಶ್ರೀಮಂತ ಮಹಿಳೆಯ ಮನೆಯಲ್ಲಿ. ಲೇಡಿ ಫ್ರಾಮ್ಟನ್ ಎನ್ನೋಣ. ನಾನೂ ಬರೆದೇ ಹೊಟ್ಟೆ ಹೊರೆಯಬೇಕು, ನಿಜ ಹೆಸರು ಬರೆದರೆ ನನಗೂ ಆ ಬಾಗಿಲು ಮುಚ್ಚುತ್ತದೆ. ಆಕೆ ಒಂದೊಂದೇ ಸಂಪುಟ ಎರವಲು ಕೊಡುತ್ತಾರೆ. ಪ್ರತಿಯಾಗಿ ಅನುವಾದದ ಮೊದಲಲ್ಲಿ ಆಕೆಯ ಹೊಗಳಿಕೆ ಇರಬೇಕು.

ಈ ಹೊಗಳಿಕೆಯ ಗುಟ್ಟು ಲಂಡನ್ನಿನಲ್ಲಿ ಬರೆಯುವವರಿಗೆಲ್ಲ ಗೊತ್ತು. ಪುಸ್ತಕ ಒಂದೇ, ಹೊಗಳಿಕೆಯ ಹಾಳೆ ಮಾತ್ರ ಮನೆಗೊಂದು; ಯಾರ ಪ್ರತಿಯೋ ಅವರ ಹಾಳೆ ಸೇರಿಸಿ ಹೊಲಿದು ಕಳಿಸುವುದು. ಹೊಸ ಭಾಗ ಅಚ್ಚಾಗಿ ಬಂದ ಸಂಭ್ರಮದಲ್ಲಿ ಹ್ಯಾಲೆಟ್ ಎಡವಿದ್ದಾರೆ. ಲೇಡಿ ಫ್ರಾಮ್ಟನ್ ಪ್ರತಿಗೆ ಲೇಡಿ ಆರ್ಡ್ ಎಂಬ ಇನ್ನೊಬ್ಬ ಶ್ರೀಮಂತೆಯ ಹಾಳೆ ಸೇರಿಹೋಗಿದೆ; ಪ್ರತಿ ಕಳಿಸಿಯಾದ ಮೇಲೆ, ಸರಿಯಾದ ಹಾಳೆ ಮನೆಯಲ್ಲೇ ಉಳಿದಿದ್ದು ಕಂಡಿದೆ. ಇಟಾಲಿಯನ್ ಬಲ್ಲ ಹೆಂಗಸು ಇಂಗ್ಲೆಂಡಿನಲ್ಲಿ ಲೇಡಿ ಆರ್ಡ್ ಒಬ್ಬರೇ ಎಂದು ಅದರಲ್ಲಿದೆ.

“ಇಬ್ಬರಿಗೂ ಅದೇ ಮಾತು ಬರೆದಿದ್ರಾ ರೀ?” ಎನ್ನುತ್ತಾರೆ ಸಿಸಿಲಿ.

“ಬರೆದಿದ್ದೆ ಕಣೇ.”

“ಹಾಗಾದ್ರೆ ಅನುಭವಿಸಿ.”

ಹ್ಯಾಲೆಟ್ ಮುಖ ಬಿಳಿಚಿಕೊಂಡಿದೆ. “ಕೊನೇ ಸಂಪುಟ ಅಲ್ಲೇ ಇದೆ,” ಎಂದು ನನ್ನ ಕಡೆ ತಿರುಗುತ್ತಾರೆ. “ಅವರು ಕೊಡಲ್ಲ ಅಂದ್ರೆ ನನ್ನ ನಾವಿಕ ನಡುಗಡಲಲ್ಲೇ ಕೂತಿರ್ತಾನೆ. ಹನ್ನೊಂದು ವರ್ಷ ನೀರಲ್ಲಿ ಹೋಮ.”

ಸರಿಯಾದ ಹಾಳೆಯನ್ನು ಅಂಗಿಯೊಳಗೆ ಇಟ್ಟುಕೊಂಡು ಅವರು ಹೊರಡುತ್ತಾರೆ. ಕುತೂಹಲ ತಡೆಯಲಾರದೆ ನಾನೂ ಹಿಂಬಾಲಿಸುತ್ತೇನೆ. ದೊಡ್ಡಮನೆಯ ಪುಸ್ತಕದ ಕೋಣೆಯಲ್ಲಿ ಲೇಡಿ ಫ್ರಾಮ್ಟನ್ ಕೂತಿದ್ದಾರೆ. ಬಾಗಿಲ ಬಳಿ ನಿಂತ ನಾನು ಆಕೆಯ ಲೆಕ್ಕಕ್ಕೇ ಇಲ್ಲ. ಮೇಜಿನ ಮೇಲೆ ಹ್ಯಾಲೆಟ್ ಪುಸ್ತಕ.

“ಬನ್ನಿ ಮೇಷ್ಟ್ರೇ! ಆ ಬಡಪಾಯೀನ ಬಿರುಗಾಳೀಲಿ ಬಿಟ್ಟು ನಿಲ್ಸಿದೀರಲ್ಲ, ಬುದ್ಧಿ ಇದೆಯಾ ನಿಮಗೆ? ಬದುಕ್ತಾನೋ ಇಲ್ವೋ?”

“ಮೂಲ ತಮ್ಮ ಕಪಾಟಲ್ಲೇ ಇದೆಯಲ್ಲ ಅಮ್ಮಾವ್ರೇ.”

ಆಕೆ ದನಿ ತಗ್ಗಿಸುತ್ತಾರೆ. “ನನಗೆ ಆ ಭಾಷೆ ಬಂದಿದ್ರೆ ನಿಮ್ಮನ್ನ ಯಾಕೆ ಕೇಳ್ತಿದ್ದೆ? ಯಾರಿಗೂ ಹೇಳ್ಬೇಡಿ.”

ಹ್ಯಾಲೆಟ್ ಮೆಲ್ಲಗೆ ಪುಸ್ತಕ ತೆರೆಯುತ್ತಾರೆ. ಹೊಸ ಪುಸ್ತಕದ ಹಾಳೆಗಳು ಮಡಿಕೆಯಾಗೇ ಇರುತ್ತವೆ, ಓದುವವರೇ ಚಾಕುವಿನಿಂದ ಕತ್ತರಿಸಿ ಬಿಡಿಸಿಕೊಳ್ಳಬೇಕು. ಹೊಗಳಿಕೆಯ ಹಾಳೆಯ ಮಡಿಕೆಗೆ ಚಾಕು ತಾಗಿಯೇ ಇಲ್ಲ. ಕಥೆಯ ಹಾಳೆಗಳನ್ನು ಮಾತ್ರ ಕೊನೆಯವರೆಗೆ ಕತ್ತರಿಸಿ ಬಿಡಿಸಲಾಗಿದೆ, ನಡುವೆ ಮಾಂಸದ ಸಾರಿನ ಕಲೆಯೂ ಇದೆ.

“ಹೊಲಿಗೆ ಸಡಿಲ ಇದೆ, ಸರಿ ಮಾಡಿ ತರ್ತೀನಿ,” ಎಂದು ತೊದಲುತ್ತಾರೆ.

“ಮುಟ್ಬೇಡಿ. ನಾನು ಇನ್ನೊಂದ್ಸಲ ಓದ್ಬೇಕು. ಆ ಕೊನೇ ಸಂಪುಟ ತಗೊಂಡು ಬೇಗ ಹೊರಡಿ.”

ಬೀದಿಯಲ್ಲಿ ಹ್ಯಾಲೆಟ್ ಸಂಪುಟವನ್ನು ಎದೆಗವಚಿಕೊಂಡು ನಡೆಯುತ್ತಿದ್ದಾರೆ. ತಪ್ಪು ಹಾಳೆ ಅಲ್ಲೇ ಉಳಿಯಿತಲ್ಲ, ಭಯವಿಲ್ಲವೇ ಎಂದು ಕೇಳುತ್ತೇನೆ.

“ಇದೆ. ಯಾವತ್ತೋ ಒಂದಿನ ಬಿಡಿಸಿ ನೋಡೇ ನೋಡ್ತಾರೆ. ಅಷ್ಟರಲ್ಲಿ ಅವನನ್ನ ದಡ ಸೇರಿಸ್ಬೇಕು.” ಒಂದು ಗಳಿಗೆ ನಿಲ್ಲುತ್ತಾರೆ. ಕಣ್ಣು ತುಂಬಿದೆ. “ಇಷ್ಟು ವರ್ಷದಲ್ಲಿ ಮೊದಲ್ನೇ ಸಲ ಸ್ವಾಮಿ, ಮುಂದೇನಾಯ್ತು ಅಂತ ಒಬ್ರು ನನ್ನ ಕೇಳಿದ್ದು.”